ನೂರಕ್ಕೆ ಅರ್ಧ ಪಾಲು

ನನ್ನ ಹೆಸರು ಯಾದವ, ತಂದೆ ತುಕ್ರ, ವಯಸ್ಸು 31, ಬಿ.ಎ. ಪಾಸಾದ ಶಾಲಾ ಮಾಸ್ತರ, ವಾಸ ಮಂಗಳೂರು ಬೊಕ್ಕಪಟ್ಣ. ನನ್ನ ನೆರೆಯ ಪೂವಪ್ಪನವರು ಲಸಿಕೆ ಕೆಡಿಸಿ ಪರಾರಿಯಾಗಿದ್ದಾರೆಂಬ ಫಿರ್ಯಾದಿನ ಬಗ್ಗೆ ಠಾಣೆಗೆ ಹಾಜರಾಗಿ ತಿಳಿಸುವುದು ಏನೆಂದರೆ:

ಕಳೆದ ವಾರ ನಮ್ಮ ಕೇರಿಯಲ್ಲಿ ಕಾಲರಾದಿಂದ ಇಬ್ಬರು ತೀರಿಕೊಂಡರು. ಒಬ್ಬರದ್ದು ಪೂವಪ್ಪನವರ ಪಕ್ಕದ ಮನೆ. ಎರಡು ಮನೆಗೂ ಒಂದೇ ಬಾವಿ. ಈ ದಿನ ಬೆಳಿಗ್ಗೆ 8 ಗಂಟೆಗೆ ಲಸಿಕೆ ಹಾಕುವ ಜಮಾಲುದ್ದೀನ್ ಸಾಹೇಬರು ಎರಡು ಬಾಟ್ಲಿ ಸಮೇತ ಶಾಲೆಗೆ ಬಂದರು. 9-10ಕ್ಕೆ ಮೊದಲನೆಯದು ಮುಗಿದು ಎರಡನೆಯದರ ಬೂಚು ತೆಗೆದಾಗ ಫಿನಾಯಿಲಿನಂಥ ಕಾರ್ಬಾಲಿಕ್ ವಾಸನೆ ಬಂತು. ಸಾಲಿನಲ್ಲಿ ಆಗ 36 ಜನರಿದ್ದರು.

ಚಿತ್ರದ ಮಾಸ್ತರ ಮ್ಯಾಕ್ಸಿಮರು, ಇದು ಚರಂಡಿಗೆ ಹೊಯ್ಯುವಂಥದ್ದು, ತೋಳಿಗೆ ಎಂತಕ್ಕೆ ಎಂದು ಕೇಳಿದರು. ಸಾಹೇಬರು, ಸೂಜಿ ಮತ್ತೆ ಮತ್ತೆ ಅದ್ದುವಾಗ ಬೇರೆ ಕ್ರಿಮಿ ಬೆಳೆಯದಿರಲು ನೂರಕ್ಕೆ ಅರ್ಧ ಪಾಲು ಕಾರ್ಬಾಲಿಕ್ ಹಾಕಿದ್ದಾರೆ, ಅಷ್ಟರಿಂದ ಅಪಾಯವಿಲ್ಲ ಎಂದು ತಿಳಿಸಿದರು.

ಮೊಮ್ಮಗಳು ಕಿನ್ನಿಯನ್ನು, ಪ್ರಾಯ 6, ಹೆಗಲಲ್ಲಿ ಕೂರಿಸಿಕೊಂಡಿದ್ದ ಪೂವಪ್ಪನವರು ನಲವತ್ತು ವರ್ಷದಿಂದ ಮೀನಿಗೆ ಉಪ್ಪು ಹಾಕುವವರು. ಅವರು, ಮೂರು ಪಾಲು ಬೂತಾಯಿ ಮೀನಿಗೆ ಒಂದು ಪಾಲು ಉಪ್ಪು ಹಾಕಿಯೂ ನಾತ ಬರ್ತದೆ, ನೂರಕ್ಕೆ ಅರ್ಧ ಎಲ್ಲಿಗೆ ಸಾಕು ಮಾರಾಯ್ರೆ, ಇದು ಆಗಲೇ ಹಾಳಾಗಿರ್ತದೆ ಎಂದರು. ಹೆಚ್ಚಾಯಿತೆಂದು ಕೆಲವರು, ಕಡಿಮೆಯಾಯಿತೆಂದು ಕೆಲವರು ತೋಳು ಮುಚ್ಚಿಕೊಂಡರು. ಬಿ.ಎ. ಆದವರು ಹೇಳಲಿ ಎಂದು ಎಲ್ಲರೂ ನನ್ನತ್ತ ತಿರುಗಿದರು. ನನ್ನದು ಚರಿತ್ರೆ, ಅಶೋಕನು ಸಾಲುಮರ ನೆಡಿಸಿದ್ದು ಗೊತ್ತು, ಸೂಜಿ ಚುಚ್ಚಿಸಿದ್ದು ಗೊತ್ತಿಲ್ಲ ಎಂದೆನು.

9-25ಕ್ಕೆ ಸಾಹೇಬರು ಸೂಜಿ ಕುದಿಸಲು ಅತ್ತ ತಿರುಗಿದರು. ಪೂವಪ್ಪನವರು ಸೊಂಟದ ಗಂಟಿನಿಂದ ಒಂದು ಚಿಟಿಕೆ ಉಪ್ಪು ತೆಗೆದು ಬಾಟ್ಲಿಗೆ ಹಾಕಿದರು. ನಾನು ನಾಲ್ಕು ಅಡಿ ದೂರದಲ್ಲಿದ್ದೆ. ಮಗುವಿಗೆ ಹಾಕುವುದಲ್ವ ಸಾಹೇಬ್ರೆ, ಒಳ್ಳೆಯ ಉಪ್ಪು, ಕಲ್ಲು ಇಲ್ಲ ಎಂದು ಅವರೇ ಹೇಳಿದರು. ಸಾಹೇಬರು ಬೆಂಚಿನಲ್ಲಿ ಕುಳಿತುಬಿಟ್ಟರು. ಇನ್ನು ಗುರುವಾರದ ತನಕ ಬಾಟ್ಲಿ ಇಲ್ಲ, ಫಳ್ನೀರಿನ ಆಸ್ಪತ್ರೆಯಲ್ಲಿ ಮಧ್ಯಾಹ್ನ ಒಂದು ಗಂಟೆಯವರೆಗೆ ಸ್ವಲ್ಪ ಉಂಟು ಎಂದು ಹೇಳಿ, ಇದ್ದದ್ದನ್ನು ಅಂಗಳಕ್ಕೆ ಚೆಲ್ಲಿದರು.

ಕಿನ್ನಿಯ ತಾಯಿ ಕುಮುದಿನಿ ತನ್ನ ತಂದೆ ಪೂವಪ್ಪನವರ ಹತ್ತಿರ, ನಿಮ್ಮ ಉಪ್ಪಿನಲ್ಲಿ ಮೀನು ಉಳೀತದೆ, ನನ್ನ ಮಗಳು ಉಳೀತಾಳಾ ಎಂದು ಕೇಳಿದಳು. ದನಿ ಎತ್ತಲಿಲ್ಲ.

10-05ಕ್ಕೆ ಪೂವಪ್ಪನವರು ಮಗುವನ್ನು ಹೊತ್ತು ಹಿಂದಿನ ಗೇಟಿನಿಂದ ಹೊರಟರು. ಸಾಹೇಬರು ಫಿರ್ಯಾದಿನಲ್ಲಿ ಪರಾರಿ ಎಂದದ್ದು ಇದನ್ನೇ. ನಾನು ಹಿಂದೆ ನಡೆದೆ. ಫಳ್ನೀರಿನ ಆಸ್ಪತ್ರೆಗೆ ಸುಮಾರು ಎರಡೂವರೆ ಮೈಲಿ. ಕಿನ್ನಿ ಎರಡು ಸಲ ನೀರು ಕೇಳಿದಳು. ಅವರು ದಾರಿಯ ನೀರು ಕೊಡಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂದು ಠಾಣಾಧಿಕಾರಿಗಳಾದ ತಾವು ಈಗ ಹೇಳಿದ್ದು ಸರಿ. ಈ ದಿನಗಳಲ್ಲಿ ಕುದಿಸಿ ಕುಡಿಯಬೇಕು.

12-40ಕ್ಕೆ ಸರದಿ ಬಂತು. ಉಪ್ಪಿನ ಸಂಗತಿಯನ್ನು ನನ್ನಿಂದ ತಿಳಿದ ಡಾಕ್ಟರರು, ಸಂಶಯ ಹೋಯಿತೇ ಎಂದು ಕೇಳಿದರು. ಇಲ್ಲ, ಮೊದಲು ನನಗೆ ಹಾಕಿ ಎಂದು ಪೂವಪ್ಪನವರು ತೋಳು ಒಡ್ಡಿದರು. ಅವರ ಮುಖವನ್ನೇ ನೋಡುತ್ತಿದ್ದ ಕಿನ್ನಿ ಆಮೇಲೆ ತಾನೂ ಒಡ್ಡಿದಳು. ಹೊರಗೆ ಮ್ಯಾಕ್ಸಿಮ್ ಮಾಸ್ತರರು ಸಿಕ್ಕಿ, ಸುಮ್ಮನೆ ನೋಡಲಿಕ್ಕೆ ಬಂದದ್ದೆಂದರು. ತೋಳಿನಲ್ಲಿ ಹತ್ತಿ ಇತ್ತು.

ಅರ್ಧ ಪಾಲು ಹೆಚ್ಚೋ ಕಡಿಮೆಯೋ ನನಗೆ ಈಗಲೂ ತಿಳಿಯದು. ಪೂವಪ್ಪನವರು ಮನೆಯಲ್ಲೇ ಇದ್ದಾರೆ. ಏಳನೆಯ ದಿನ ಎರಡನೆಯ ಸೂಜಿ ಉಂಟು. ಅಜ್ಜ ಮೊದಲು ಒಡ್ಡದೆ ಕಿನ್ನಿ ತೋಳು ಒಡ್ಡುವವಳಲ್ಲ. ಬಂಧಿಸುವುದಿದ್ದರೆ ಎಂಟನೆಯ ದಿನ ಬಂಧಿಸಬೇಕಾಗಿ ವಿನಂತಿ.

ಓದಿಸಿ ಕೇಳಿದೆನು. ಕಂಡದ್ದು ಕಂಡ ಹಾಗೆಯೇ ಉಂಟು.

ಮಂಗಳೂರು, 20-9-1943
(ಸಹಿ) ಯಾದವ