ಕೂಟಗಲ್ ಪಾಳೇಗಾರನ ಮುನ್ನೂರು ವರ್ಷ

ನಲವತ್ತಾ? ಬರೀ ನಲವತ್ತೇ ವರ್ಷವಾ? ಅಲ್ಲ ಕಣವ್ವ ನವ್ಯಾ, ಕಂಪ್ಯೂಟ್ರಾಗೆ ರಾಜ್ಯ ಆಳೋ ಆಟ ಮಾಡ್ತೀನಿ ಅಂತೀಯ, ನಲವತ್ತು ವರ್ಷದಾಗೆ ಯಾವ ರಾಜ್ಯ ಆಳಕ್ಕಾಯ್ತದೆ! ನಿಮ್ಮಜ್ಜಿ ಜೊತೆ ಸಂಸಾರ ಮಾಡಿ ಅದಕ್ಕಿಂತ ಜಾಸ್ತಿ ವರ್ಷ ಆಯ್ತು, ಇನ್ನೂ ಅಡುಗೆಮನೆ ಒಂದು ಗೆಲ್ಲಕ್ಕಾಗಿಲ್ಲ ನಂಗೆ... ಏಯ್, ಒಳಗಿಂದ ನಗ್‌ಬ್ಯಾಡ ಕಣೆ! ನಾನೂ ಮೊಮ್ಮಗಳೂ ರಾಜಕಾರ್ಯ ಮಾತಾಡ್ತಾ ಇದ್ದೀವಿ.

ತಡಿ ತಡಿ, ಆ ಗುಂಡಿ ಒತ್ತಬ್ಯಾಡ. ಒಸಿ ನನ್ನ ಮಾತು ಕೇಳು. ಈಗ ನಿನ್ನ ಆಟ ಸಾವಿರದೈನೂರನೇ ಇಸವಿಯಿಂದ ಶುರುವಾಯ್ತದೆ. ಒಂದು ಪಾಳ್ಯ ಆರಿಸ್ಕೊಂಡು, ಕೋಟೆ ಕಟ್ಕೊಂಡು, ದಂಡು ಕೂಡಿಸ್ಕೊಂಡು, ಸಾವಿರದೇಳ್ನೂರ ತೊಂಬತ್ತೊಂಬತ್ತರಗಂಟ ಆಳಬೇಕು. ಸರಿ ತಾನೆ? ಹೆಚ್ಚೂಕಮ್ಮಿ ಮುನ್ನೂರು ವರ್ಷ. ಎಂಥ ಅಂದವಾಗೈತೆ! ಅದನ್ನ ತೆಂಗಿನಕಾಯಿ ಹೊಡ್ದಂಗೆ ಹೊಡ್ದು, ಕೊನೇ ನಲವತ್ತು ವರ್ಷದ ಚಿಪ್ಪು ಮಾತ್ರ ಮಡಗ್ತೀನಿ ಅಂತೀಯಲ್ಲ! ಬರೀ ಫಿರಂಗಿ, ಬರೀ ಹೊಗೆ...

ಯಾರು ಹೇಳಿದ್ದು? ತೌಹೀದಾ? ಒಳ್ಳೆ ಹುಡುಗ, ಇಲ್ಲ ಅನ್ನಲ್ಲ. ಚನ್ನಪಟ್ಟಣದ ಬೊಂಬೆ ಮಾಡೋರ ಮನೇವ್ನು, ನಿನ್ನ ಆಟಕ್ಕೆ ಪಾಳೇಗಾರರ ಮುಖ ಬರ್ಕೊಡ್ತಾನೆ, ಕೈ ಚೆನ್ನಾಗೈತೆ. ಆದ್ರೆ ಯುದ್ಧ ಇದ್ರೇನೇ ಜನ ಆಡೋದು ಅಂತ ಅವ್ನಿಗೆ ಯಾರು ಹೇಳ್ದೋರು? ಯುದ್ಧದ ವಿಚಾರ ನನ್ನ ಕೇಳಬೇಕು. ಕೂಟಗಲ್ ತಿಮ್ಮಯ್ಯನ ವಂಶ ಅಂದ್ರೆ ಏನಂದ್ಕೊಂಡಿದ್ದೀಯ?

ಸಾವನದುರ್ಗಕ್ಕೆ ಮುತ್ತಿಗೆ ಬಿತ್ತಲ್ಲ, ಆವಾಗ ನಮ್ಮ ಮುತ್ತಾತನ ಮುತ್ತಾತ, ಅದೇ ತಿಮ್ಮಯ್ಯ, ಕೋಟೆ ಮ್ಯಾಲಿದ್ದ. ಕೆಳಗೆ ಇಂಗ್ಲಿಷರ ಕೆಂಪಂಗಿ ದಂಡು, ಇರುವೆ ಸಾಲು ಸಾಲು. ಮ್ಯಾಲೆ ನೋಡಿದ್ರೆ ಫಿರಂಗಿಗೆ ಗುಂಡೇ ಇಲ್ಲ! ಏನ್ ಮಾಡ್ದ ಹೇಳು? ಅಡುಗೆಮನೆಗೆ ನುಗ್ದ. ಹಿಂದಿನ ದಿನದ ರಾಗಿಮುದ್ದೆ ಮಿಕ್ಕಿತ್ತು, ಒಂದೊಂದೂ ನಿನ್ನ ತಲೆಗಾತ್ರ, ಒಣಗಿ ಕಲ್ಲಾಗಿತ್ತು. ತುಂಬ್ದ ಫಿರಂಗಿಗೆ, ಇಟ್ಟ ಬೆಂಕಿ... ಢಮಾರ್! ಆನೆಗಳೆಲ್ಲ ಮಂಡಿ ಊರ್ಬುಟ್ವು. ಕೆಂಪಂಗಿಯೋರು ಬಿದ್ದಂಬೀಳ ಓಡಿದ್ರು. ಮಾರ್ನೆ ದಿನ ಬೆಳಗ್ಗೆ ಬಿಳೀ ಬಾವುಟ ಹಿಡ್ಕೊಂಡು ನಾಕು ಜನ ಬೆಟ್ಟ ಹತ್ತಿ ಬಂದ್ರು. ಶರಣಾಗಕ್ಕೆ ಅಂದ್ಕೊಂಡ್ಯಾ? ಅಲ್ಲ! "ಮುದ್ದೆ ಬಂತು ಸ್ವಾಮಿ, ಸಾರು ಎಲ್ಲಿ?" ಅಂತ ಕೇಳಕ್ಕೆ! ಅವ್ನ ಹೆಂಡ್ತಿ ಉಪ್ಸಾರು ಕಾಯಿಸಿ, ಸಾಲಾಗಿ ಕುಂಡ್ರಿಸಿ ಬಡಿಸಿದ್ಳು.

ಯಾಕ್ ನಗ್ತೀಯ? ಏನು... ಕೋಟೆ ಬಿದ್ದೋಯ್ತು ಅಂತ ಪುಸ್ತಕದಾಗೆ ಐತಾ? ಇರ್ಲಿ ಬುಡು. ಪುಸ್ತಕ ಬರ್ದೋನು ಊಟಕ್ಕೆ ಬಂದಿರ್ಲಿಲ್ಲ.

ನನ್ನನ್ನೇ ತಗೋ. ವಯಸ್ನಾಗೆ ಬೈರಾಪಟ್ಟಣದ ಪೈಲ್ವಾನನ್ನ ಒಂದೇ ಪಟ್ಟಿಗೆ ನೆಲ ಕಚ್ಚಿಸಿದೋನು ನಾನು. ಭೂಮಿ ಅದುರ್ತು, ಕನಕಪುರದ ಬಸ್ಸು ರಸ್ತೆ ಮಧ್ಯ ನಿಂತೋಯ್ತು. ಎದ್ದೋನೇ ಮಣ್ಣು ಕೊಡವ್ಕೊಂಡು, "ನಿಮ್ಮನೆಗೆ ನನ್ ತಂಗಿ ಕೊಡ್ತೀನಿ" ಅಂದ. ಆ ತಂಗೀನೇ ಈಗ ಒಳಗೆ ಒಗ್ಗರಣೆ ಹಾಕ್ತಾ ಇರೋಳು... ಏನಂತೆ? ಬಿದ್ದಿದ್ದು ನಾನೇ ಅಂತಾಳಾ? ನಿಮ್ಮಜ್ಜಿ ಆವತ್ತು ದೂರದಿಂದ ನೋಡಿದ್ದು ಕಣವ್ವ. ದೂರಕ್ಕೆ ಮ್ಯಾಲಿರೋರೂ ಕೆಳಗಿರೋರೂ ಒಂದೇ ಥರ ಕಾಣ್ತಾರೆ.

ಹೂಂ, ಹೇಳು, ಹೇಳು. ಮತ್ಯಾಕೆ ಹಳೇ ವರ್ಷ ಕತ್ತರಿಸ್ತೀಯ?

ದೋಷವಾ? ಆಟದಾಗಾ?

ಓ... ಈ ಪಡಸಾಲೆ ಕಂಪ್ಯೂಟ್ರಾಗಾ. ಬಂದೋರೆಲ್ಲ ಆಡಿ ನೋಡ್ಲಿ ಅಂತ ಮಡಗಿದ್ದೀಯಲ್ಲ, ಇದ್ರಾಗೆ ಯಾವನೋ ಒಬ್ಬ ಹೆಸರಾಕ್ದೆ ಆಡವ್ನೆ... ಸರಿ. ಅವನ ಆಟದಾಗೆ ಒಂದೇ ಒಂದು ಯುದ್ಧಾನೂ ಆಗಿಲ್ಲ. ಸೀಮೆಯೆಲ್ಲ ಹಸ್ರು. ದಂಡುಗಳೆಲ್ಲ ತೂಕಡಿಸ್ತಾ ಕುಂತವೆ... ಹಂಗಾಗಿ ಹಳೇ ವರ್ಷಗಳಾಗೆ ಏನೋ ತಪ್ಪೈತೆ, ಅವನ್ನೇ ಕಿತ್ತಾಕಿದ್ರೆ ಸರಿಹೋಯ್ತದೆ ಅಂತ ನೀನೂ ತೌಹೀದೂ ತೀರ್ಮಾನ ಮಾಡಿದ್ದೀರ. ಹಂಗಾ ವಿಚಾರ.

ನನ್ನ ಯಾಕ್ ನೋಡ್ತೀಯ? ನಾನು ಓದಿಲ್ಲ ಬರ್ದಿಲ್ಲ, ಈ ಇಲಿ ಥರದ್ದನ್ನ ಹಿಡ್ಕೊಳ್ಳಕ್ಕೂ ಬರಲ್ಲ ನಂಗೆ. ನಾನೇನಾರ ಕುಂತಿದ್ರೆ ಹಂಗಿರ್ತಿತ್ತಾ? ಒಂದು ಮಧ್ಯಾಹ್ನ ಸಾಕಾಗಿತ್ತು, ಮಾಗಡಿಯಿಂದ ಹೊರಟು ಡೆಲ್ಲಿಗಂಟ ಉರಿಸ್ಬುಡ್ತಿದ್ದೆ! ಅವ್ನು ಯಾವನೋ ಹೇಡಿ. ಅಳುಪುಕ್ಲ. ನೀವು ಊಟಕ್ಕೆ ಹೋದಾಗ ಪಕ್ಕದ ಮನೆ ಮನು ಬಂದು ಆಡಿರ್ಬೇಕು, ನಂಗೇನ್ ಗೊತ್ತು.

ಅಂದಂಗೆ... ಹಳೇ ವರ್ಷ ಕಿತ್ತಾಕಿದ್ರೆ, ಆ ಹೇಡಿ ರಾಜ್ಯ ಏನಾಯ್ತದೆ?

ಅಳ್ಸೋಯ್ತದಾ? ಪೂರ್ತಿ? ಕೆರೆಗಳೂನುವೆ?

ಇಲ್ಲ, ಸುಮ್ಕೆ ಕೇಳ್ದೆ. ನಂಗೇನು. ಪಾಪ, ಯಾರ ಮಗನೋ ಏನೋ, ಕಷ್ಟಪಟ್ಟು ತೋಡಿರ್ತಾನೆ. ಆ ನೀಲಿ ಹನಿ ಗುರುತು ಒತ್ತಿದ್ರೆ ಕೆರೆ ಏನು ತಕ್ಷಣ ತುಂಬ್ತದಾ? ಏರಿ ಆಗಬೇಕು, ತೂಬು ಕೂರಬೇಕು, ಮೂವತ್ತು ವರ್ಷ ಆಟದಾಗೆ ಉರುಳಬೇಕು. ಗುಂಡುತೋಪಿನ ಮರ ಹಾಕಿದ್ರೆ ನೆರಳು ಬರಕ್ಕೆ ಇನ್ನೂ ಐವತ್ತು. ನಿನ್ನ ನಲವತ್ತರಾಗೆ ಅವನು ಏನ್ ಮಾಡ್ಬೇಕು? ಸಸಿ ನೋಡ್ಕೊಂಡು ಕುಂತ್ಕೊಬೇಕಾ?

ಏನು? ನೀಲಿ ಹನಿ ಗುರುತು ನಂಗೆಂಗೆ ಗೊತ್ತಾ?

ತೌಹೀದ್ ಹೇಳ್ದ.

ಹೇಳ್ಲಿಲ್ವಂತಾ? ಹಂಗಾರೆ ಕನಸ್ನಾಗೆ ಕಂಡಿರ್ಬೇಕು. ವಯಸ್ಸಾದೋರಿಗೆ ಕನಸು ಬಣ್ಣಬಣ್ಣವಾಗಿ ಬತ್ತವೆ.

ನೋಡವ್ವ, ದೋಷ ಅಂತೀಯಲ್ಲ, ಅದು ದೋಷ ಅಲ್ಲ ಅನ್ಸ್ತದೆ ನಂಗೆ. ನಿನ್ನ ಆಟದಾಗೆ ಮದ್ವೆ ಮಾಡ್ಬೋದು ತಾನೆ? ಒಂದು ಕೋಟೆ ಹೆಣ್ಣನ್ನ ಇನ್ನೊಂದು ಕೋಟೆಗೆ ಕೊಡ್ಬೋದು ತಾನೆ? ಅವ್ನು ಕೊಟ್ಟವ್ನೆ, ತಂದವ್ನೆ. ಸಾವನದುರ್ಗಕ್ಕೆ ಒಬ್ಳು, ರಾಮದುರ್ಗಕ್ಕೆ ಒಬ್ಳು, ಚನ್ನಪಟ್ಟಣದಿಂದ ಸೊಸೆ. ಎಲ್ಲಾರೂ ಬೀಗರಾಗೋದ್ರೆ ದಂಡು ಯಾರ ಮ್ಯಾಲೆ ಹೋಗ್ಬೇಕು? ಬೀಗರ ಮ್ಯಾಲೆ ಕತ್ತಿ ಎತ್ತೋದುಂಟಾ? ನಮ್ಮ ಕಡೆ ಬೀಗರ ಜಗಳ ಏನಿದ್ರೂ ಬೀಗರೂಟದ ಎಲೆ ಮುಂದೆ. ಅವ್ನ ಎಲೆಗೆ ಮೂಳೆ ಬಿತ್ತು, ನನ್ನೆಲೆಗೆ ಬರೀ ಗಸಿ ಬಿತ್ತು ಅಂತ. ಅದಕ್ಕೂ ಫಿರಂಗಿ ತಂದೋರಿಲ್ಲ. ಅದಕ್ಕೇ ಆ ಕತ್ತಿ ಗುರುತು ಮಂಕಾಗೋಯ್ತದೆ, ಒತ್ತಿದ್ರೂ ಒತ್ತಲ್ಲ. ನಾನೂ ಎರಡು ಸಲ...

ಏನಿಲ್ಲ. ಕೆಮ್ಮು ಬಂತು.

ಇನ್ನು ಕಬ್ಬಾಳದುರ್ಗದ ಪಾಳೇಗಾರ ಒಬ್ಬ ಉಳ್ದವ್ನೆ. ಗಡ್ಡೆ ಮೂಗಿನೋನು, ಭಾರೀ ಬಿಂಕದೋನು. ಹೆಣ್ಣು ಕೇಳಿದ್ರೆ ಅತ್ಲಾಗೆ ಮುಖ ತಿರುಗಿಸ್ಬುಡ್ತಾನೆ, ನಾಕು ತಲೆಮಾರಿಂದ ಅದೇ ಆಟ! ತೌಹೀದ್ ಆ ಮುಖ ಯಾರನ್ನ ನೋಡಿ ಬರ್ದನೋ, ಥೇಟು ನಿಮ್ಮಜ್ಜಿ ಅಣ್ಣ. ಈ ಸಲ ಒಪ್ಪಿದ್ರೆ ಸೀಮೆಯೆಲ್ಲ ಒಂದೇ ನೆಂಟಸ್ತನ... ಅವ್ನಿಗೆ. ಆ ಹುಡ್ಗನಿಗೆ. ಮನುಗೆ.

ಏನ್ ತೆಗೀತಾ ಇದ್ದೀ? ಆ ಆಟಾನೇ? ತೆಗಿ, ತೆಗಿ, ನಾನೂ ಒಂದ್ಸಲ ನೋಡ್ದಂಗಾಯ್ತದೆ. ಅಯ್ಯೋ, ಏನ್ ಹಸ್ರು! ಯಾವ ಊರು ಆರಿಸ್ಕೊಂಡವ್ನೋ ಮಾರಾಯ... ಕೂಟಗಲ್ಲಾ? ಅಯ್ಯ! ನೋಡ್ದಾ, ನಮ್ಮೂರ ಹೆಸರು ಎಲ್ಲೆಲ್ಲಿಗೆ ಹೋಗೈತೆ! ದೊಡ್ಡ ದೊಡ್ಡ ಕೋಟೆಗಳನ್ನೆಲ್ಲ ಬಿಟ್ಟು ಆ ಮನು ನಮ್ಮ ಕೂಟಗಲ್ಲನ್ನೇ ಹುಡುಕ್ಕೊಂಡವ್ನಲ್ಲ! ಇಷ್ಟಗಲದ ಊರು, ಇಪ್ಪತ್ತೇ ಕಾಲಾಳು. ಬುದ್ಧಿವಂತ.

ಆ ಮೂಲೇಗ್ಯಾಕೆ ಹೋಗ್ತಾ ಇದ್ದೀ? ಅದು ಕಸದ ಬುಟ್ಟಿ ಗುರುತಲ್ವಾ? ನವ್ಯಾ... ಅಳಿಸ್ತೀಯಾ? ಈಗ್ಲೇ ಅಳಿಸ್ತೀಯಾ? ನಾಳೆ ಅಳಿಸಿದ್ರೆ ಆಗಲ್ವಾ? ಊಟ ಆದ್ಮೇಲೆ... ಏಯ್ ಏಯ್ ಏಯ್! ತಗಿ ಕೈಯ್ಯ! ಅಲ್ಲಿ ನೋಡು, ಕಬ್ಬಾಳದುರ್ಗದೋನು ತಲೆ ಅಲ್ಲಾಡ್ಸವ್ನೆ! ಒಪ್ಬುಟ್ಟ! ನಿನ್ನೆ ಮಧ್ಯಾಹ್ನ ನಾನು ಕಳಿಸಿದ್ದ ಮಾತಿಗೆ ಈಗ ಒಪ್ಪವ್ನೆ ಕಣವ್ವ! ಮುಚ್ಬ್ಯಾಡ, ಚಪ್ಪರ ಹಾಕ್ಬೇಕು, ಇನ್ನೂ ಲಗ್ನ ಆಗಿಲ್ಲ...

ಸದ್ಯ, ಕೈ ತೆಗ್ದೆ.

ನಗಾರ ನಗು.

ಡೆಲ್ಲಿಗೆ ಹೋಗಬೇಕು ಅಂತಾನೇ ಕುಂತಿದ್ದು ನಾನು. ಸತ್ಯವಾಗ್ಲೂ. ದಾರೀಲಿ ಒಂದು ಊರಿಗೆ ನೀರಿರ್ಲಿಲ್ಲ. ಒಂದು ಕೆರೆ ತೋಡ್ಕೊಟ್ಟು ಮುಂದಕ್ಕೆ ಹೋಗನ ಅಂದ್ಕೊಂಡೆ... ಆ ಇಪ್ಪತ್ತು ಕಾಲಾಳು ಇದ್ರಲ್ಲ, ತೌಹೀದ್ ಒಬ್ಬೊಬ್ರಿಗೂ ಬ್ಯಾರೆ ಬ್ಯಾರೆ ಮುಖ ಬರ್ದವ್ನೆ. ಒಬ್ಬನಿಗೆ ಮೀಸೆ ಚಿಗುರ್ತಾ ಐತೆ. ಅಂಥೋನ್ನ ಎಲ್ಲಿಗೆ ಕಳಿಸ್ಲಿ?

ನೀನು ಮಾತ್ರ ಯಾರ್ಗೂ ಹೇಳ್ಬ್ಯಾಡ. ಊರಾಗೆ ನನ್ನ ಮುದ್ದೆ ಫಿರಂಗಿ ಕಥೆ ಯಾವನೂ ನಂಬಲ್ಲ ಆಮೇಲೆ.

ಏನಿದು? ಆ ಇಲಿನ ನನ್ನ ಕಡೆಗ್ಯಾಕೆ ಜರುಗಿಸ್ತೀಯ? ಆಟ ಶುರುವಾಗೋ ಇಸವಿ ಏನ್ ಮಾಡ್ದೆ? ಎಲ್ಲಿ, ನೋಡನ. ಅಂಕಿ ಬತ್ತದೆ ನಂಗೆ, ಬಸ್ ನಂಬರ್ ಓದಿ ಓದಿ ಕಲ್ತಿದ್ದೀನಿ. ಒಂದು... ಐದು... ಸೊನ್ನೆ ಸೊನ್ನೆ.

ಹೂಂ.

ಒಸಿ ಜರುಗ್ಕೊ ಅತ್ಲಾಗೆ. ಲೇ ಇವ್ಳೇ, ಊಟಕ್ಕೆ ಒಂಚೂರು ತಡವಾಯ್ತದೆ ಕಣೆ! ಕಬ್ಬಾಳದೋರು ಬಾಗಿಲಾಗೆ ನಿಂತವ್ರೆ.