ಅಮ್ಮನ ಮಣ್ಣಿಗೆ ಯಾರ ಪ್ರಾರ್ಥನೆ

ಆಸ್ಪತ್ರೆಯ ಬೆಂಚಿನ ಮೇಲೆ ಹೆಂಡತಿಗಾಗಿ ಕಾಯುತ್ತಿದ್ದ ದರ್ಜಿಯ ಕಿವಿಗೆ, ಈಗಷ್ಟೇ ತಾಯಿಯನ್ನು ಕಳೆದುಕೊಂಡಿದ್ದ ಅಕ್ಕತಂಗಿಯರ ಮಾತು ಬಿತ್ತು.

“ಅಕ್ಕ, ನಾಳೆ ಮಣ್ಣು ಮಾಡುವಾಗ ನಿಮ್ಮ ಚರ್ಚಿನ ಡ್ರಮ್ಮು, ಚಪ್ಪಾಳೆ ಬೇಡ.”

“ಕೈಯೆತ್ತಿ ಹಾಡಿದ್ರೆ ಭಕ್ತಿ ಅಲ್ವೇನೆ? ನಿಮ್ಮ ಚರ್ಚಲ್ಲಿ ಕೆಮ್ಮಿದ್ರೂ ತಿರುಗಿ ನೋಡ್ತಾರೆ.”

“ಮಂಡಿಯೂರಿ ಸುಮ್ನಿರೋದೂ ಭಕ್ತಿನೇ.”

“ಸುಮ್ನಿದ್ಯಲ್ಲ, ಅಮ್ಮ ಉಳಿದ್ಲಾ?”

“ನೀನು ಕೂಗಿದ್ಯಲ್ಲ, ಉಳಿದ್ಲಾ?”

ಅಕ್ಕ ಅಮ್ಮನ ಬಟ್ಟೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

“ನಿಮ್ಮ ಪಾದ್ರಿನೇ ಬರಲಿ ಬಿಡೆ,” ಅಂದಳು ಅಕ್ಕ. “ನನ್ನ ಕೈಲಿ ಇನ್ನು ಹಾಡೋಕಾಗಲ್ಲ.”

“ನಂಗೂ ಪ್ರಾರ್ಥನೆ ಬರ್ತಿಲ್ಲಕ್ಕ. ಕಣ್ಮುಚ್ಚಿದ್ರೆ ಆ ಕಡೆ ಯಾರೂ ಇಲ್ಲ ಅನ್ಸುತ್ತೆ.”

“ಹಾಗನ್ಬೇಡ.”

“ನಿಂಗೆ ಅನ್ಸಲ್ವಾ?”

ನರ್ಸು ಕರೆದಳು. ಅಮ್ಮನ ಬಟ್ಟೆಯ ಚೀಲವನ್ನು ಆಚೆಗೊಬ್ಬಳು ಈಚೆಗೊಬ್ಬಳು ಹಿಡಿದು, ಇಬ್ಬರೂ ಒಳಗೆ ಹೋದರು.