ಹೋಗಿ ಬರ್ತೇನೆ ಅಂತ ಬರೆದದ್ದು

ನಗಿ, ನಗಿ ಅತ್ತಿಗೆ! ನಕ್ಕು ಮುಗೀಲಿ, ಆಮೇಲೆ ಹೇಳ್ತೇನೆ. ಅಲ್ಲ, ಮೊಣಕಾಲು ಹಿಡ್ಕೊಂಡು ಮೆಟ್ಟಿಲು ಹತ್ತುವ ಈ ರಾಜೀವಿಗೆ ಫಿನ್‌ಲ್ಯಾಂಡಿನಿಂದ ಕರೆ ಬಂದಿದೆ ಅಂದ್ರೆ ಯಾರಿಗಾದ್ರೂ ನಗು ಬಾರದೆ ಇರ್ತದಾ? ಕೊಡಿ ಇಲ್ಲಿ ಕಾರ್ಡು. ಪಾತ್ರೆ ಕಟ್ಲಿಕ್ಕೆ ಕೂತದ್ದು ನಾವು. ನೀವು ನನ್ನ ಕಾರ್ಡು ಓದ್ತಾ ಕೂತ್ರೆ ಈ ಹಳೇ ಬಿಲ್ಡಿಂಗ್ ಒಡೀಲಿಕ್ಕೆ ಬರುವವರು ಕಾಯ್ತಾರಾ?

ಹೆಲ್ವಿ ಅಂತ ಅವಳ ಹೆಸರು. ಮುದುಕಿ, ಗಂಡ ಇಲ್ಲ, ಒಬ್ಬಳೇ. ಯಾರು ಅಂತ ನನ್ನನ್ನು ಕೇಳ್ತೀರಾ! ನಿಮ್ಮ ಮಗಳು ಯಕ್ಷಿತಾಳೇ ಹಿಡಿಸಿದ ಹುಚ್ಚು ಇದು. 'ಅತ್ತೆ, ಬೋರ್ ಆಗ್ತದಲ್ಲ ನಿಮ್ಗೆ, ಟ್ರೈ ಕರೋ' ಅಂತ ಮೊಬೈಲಲ್ಲಿ, ದೇಶದೇಶಕ್ಕೆ ಕಾರ್ಡು ಹಾಕುವವರ ಒಂದು ಸೈಟಿಗೆ ನನ್ನ ಹೆಸರು ಹಾಕಿಕೊಟ್ಳು. ಅದು ಯಾರದೋ ಅಡ್ರೆಸ್ ಕೊಡ್ತದೆ, ನಾವು ಅವರಿಗೊಂದು ಕಾರ್ಡು ಹಾಕುದು. ಅದು ಮುಟ್ಟಿದ ಮೇಲೆ ಮತ್ಯಾರೋ ನಮಗೆ ಹಾಕ್ತಾರೆ. ಜಪಾನು, ಪೋಲೆಂಡು, ಬ್ರೆಜಿಲ್ಲು... ಗುರುತಿಲ್ಲ, ಪರಿಚಯ ಇಲ್ಲ. ಆದ್ರೂ 'ಡಿಯರ್ ರಾಜೀವಿ' ಅಂತ್ಲೇ ಬರೀತಾರೆ ಮಾರಾಯ್ರೆ! ಈ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆದು ಎಷ್ಟು ಕಾಲ ಆಯ್ತು? ಅಣ್ಣನಿಗೆ ನಾನು 'ಏ', ಯಕ್ಷಿತಾಳಿಗೆ 'ಅತ್ತೆ', ನಿಮಗೆ 'ಕೇಳ್ತಾ?'... ಅಯ್ಯೋ, ದೂರು ಅಲ್ಲ. ಸುಮ್ಮನೆ ಬಾಯಿಗೆ ಬಂತು, ಹೇಳಿದೆ.

ಬೇರೆಯವರೆಲ್ಲ ಒಂದು ಕಾರ್ಡಿಗೆ ಮುಗಿಸ್ತಾರೆ. ಈ ಹೆಲ್ವಿ ಮಾತ್ರ ಮತ್ತೆ ಬರೆದ್ಳು. ನಾನೂ ಬರೆದೆ. ನನ್ನ ಇಂಗ್ಲಿಷು ನಿಮಗೆ ಗೊತ್ತುಂಟಲ್ಲ! ಕನ್ನಡದಲ್ಲಿ ಎಣಿಸುದು, ಒಂದೊಂದೇ ಶಬ್ದ ಆಚೆ ದಾಟಿಸುದು. ಕೊನೆಗೆ ಬಂದಾಗ ಸಿಕ್ಕಿಬಿದ್ದೆ. ಬಾಯ್ ಅಂತ ಬರೆದ್ರೆ ಫೋನು ಕುಕ್ಕಿದ ಹಾಗೆ ಆಗ್ತದೆ. 'ಹೋಗ್ತೇನೆ' ಅಂತ ಬರೀಲಿಕ್ಕಾಗ್ತದಾ? ಬಿಡ್ತು ಅನ್ನಿ! ಹಾಗಾಗಿ ಬರೆದೆ, 'ಐ ವಿಲ್ ಗೋ ಆಂಡ್ ಕಮ್.' ಹೋಗಿ ಬರ್ತೇನೆ! ಹಾಂ, ಈಗ ನಗಿ! ಪಾಪ ಆ ಹೆಂಗಸು, ಇವಳು ಬರ್ತೇನೆ ಅಂದಿದ್ದಾಳೆ, ಬಂದೇ ಬರ್ತಾಳೆ ಅಂತ ನಂಬಿ ಕೂತಿದ್ದಾಳೆ. ಓದಿದ್ರಲ್ಲ, ಮೇಲಿನ ಕೋಣೆ ಗುಡಿಸಿ ಹಾಸಿಗೆ ಹಾಸಿದ್ದಾಳಂತೆ. ಉಣ್ಣೆಯ ಕಾಲುಚೀಲ ಹೆಣೀತಾ ಇದ್ದಾಳಂತೆ, ನನ್ನ ಪಾದದ ಅಳತೆ ಬೇಕಂತೆ! ನನ್ನ ಪಾದದ್ದು! ಬಾಂದ್ರಾ ಸ್ಟೇಷನ್ನಿನ ಹೊರಗೆ ನಾನು ಚಪ್ಪಲಿ ತಕೊಳ್ಳುವಾಗ್ಲೂ ಯಾರೂ ಅಳತೆ ಕೇಳಿದ್ದಿಲ್ಲ.

ಎಂತ? ತಪ್ಪಾಯ್ತು ಅಂತ ಬರೆದು ತಿಳಿಸ್ಬೇಕಾ? ಹೌದು... ತಿಳಿಸ್ಬೇಕು. ಬರೀತೇನೆ. ಅದಕ್ಕೇ ನಿಮ್ಮನ್ನು ಕೇಳುದು. ಹೊಸ ಬಾಡಿಗೆ ಮನೆಯ ಅಡ್ರೆಸ್ ಹೇಳಿ. ಒಡೆದ ಬಿಲ್ಡಿಂಗಿಗೆ ಪೋಸ್ಟ್‌ಮ್ಯಾನ್ ಬಂದು ಕಾರ್ಡು ಯಾರ ಕೈಗೆ ಕೊಡ್ತಾನೆ? ಡೊಂಬಿವಲಿ ಅಂತ ಗೊತ್ತುಂಟು. ಬಿಲ್ಡಿಂಗಿನ ಹೆಸರು ಎಂತ?

ಅತ್ತಿಗೆ?

ಅಣ್ಣನ ಹತ್ರ ಕೇಳ್ಬೇಕಾ? ಮೊನ್ನೆ ಅಲ್ಲಿ ಹೋಗಿ ಹಾಲು ಉಕ್ಕಿಸಿ ಬಂದದ್ದು ನೀವೇ ಅಲ್ವಾ? ನಾನು ಇಲ್ಲಿ ಗ್ಯಾಸಿನವನಿಗೆ ಕಾಯ್ತಾ ಕೂತಿದ್ದೆ... ಆ ಪಾತ್ರೆ ಬಿಡಿ ಅತ್ತಿಗೆ. ಅದನ್ನು ಆಗ್ಲೇ ಒರೆಸಿ ಆಯ್ತು.

ನಿಮ್ಮ ಬಾಣಂತನಕ್ಕೆ ಅಂತ ಬಂದವಳು ನಾನು. ಅಮ್ಮನಿಗೆ 'ಹೋಗಿ ಬರ್ತೇನೆ' ಅಂತ ಹೇಳಿಯೇ ಉಡುಪಿಯಲ್ಲಿ ಬಸ್ಸು ಹತ್ತಿದ್ದು. ಮಗು ಕೂತ್ಕೊಳ್ಳಲಿ, ಆಮೇಲೆ ಹೋಗು ಅಂದ್ರಿ. ನಡೀಲಿ ಅಂದ್ರಿ. ಶಾಲೆಗೆ ಹೋಗ್ಲಿ ಅಂದ್ರಿ. ಈಗ ಆ ಮಗು ಪವಾಯಿಗೆ ಆಫೀಸಿಗೆ ಹೋಗ್ತದೆ. ಅಮ್ಮ ಇಲ್ಲ, ಊರಿನ ಮನೆ ಇಲ್ಲ. ನಾನು ಇನ್ನೂ ಬಾಣಂತನಕ್ಕೆ ಬಂದವಳೇ ಅಲ್ವಾ?

ಬಾಗಿಲು ಯಾಕೆ ನೋಡ್ತೀರಿ? ಅಣ್ಣ ಇಷ್ಟು ಬೇಗ ಬರುದಿಲ್ಲ.

ಸರಿ... ನಾನೇ ಹೇಳ್ತೇನೆ. ಮೊದಲು ತಪ್ಪಿ ಬರೆದದ್ದು ಹೌದು. ಹೆಲ್ವಿ ಕೂಡ್ಲೇ ಕೇಳಿದ್ಳು, ನಿಜವಾಗಿ ಬರ್ತೀಯಾ ಅಂತ. ಯಕ್ಷಿತಾ ಅದನ್ನು ಓದಿ ಬಿದ್ದು ಬಿದ್ದು ನಕ್ಕು, 'ಅತ್ತೆ, ಸಾರಿ ಅಂತ ಬರೀರಿ' ಅಂದ್ಳು. ಬರೀಲಿಕ್ಕೇ ಇದ್ದೆ. ಅದೇ ದಿನ ಅಣ್ಣ ಇಲ್ಲಿ ಕೂತು ಬಾಡಿಗೆ ಮನೆಯ ಏಜೆಂಟಿಗೆ ಫೋನಲ್ಲಿ ಹೇಳ್ತಾ ಇದ್ದ, 'ಹಮ್ ತೀನ್ ಲೋಗ್ ಹೈ, ವನ್ ರೂಮ್ ಕಿಚನ್ ಚಲೇಗಾ.' ನಾನು ಒಳಗೆ ಚಪಾತಿ ಹಿಟ್ಟು ಕಲಸ್ತಾ ಇದ್ದೆ. ತೀನ್ ಲೋಗ್, ಮೂರೇ ಜನ... ಆ ಹಿಟ್ಟಿನ ಕೈಯಲ್ಲೇ ಬೆರಳು ಮಡಚಿ ನೋಡಿದೆ ಅತ್ತಿಗೆ. ಅಣ್ಣ, ನೀವು, ಯಕ್ಷಿತಾ. ಅವನು ತಪ್ಪಿ ಹೇಳಿದ್ದಾನಾ ಅಂತ ಮತ್ತೊಮ್ಮೆ ಮಡಚಿದೆ.

ಮಾರನೇ ದಿನ ಪೋಸ್ಟ್ ಆಫೀಸಿಗೆ ಹೋಗಿ, ಅಲ್ಲೇ ಕೌಂಟರಿನ ಹತ್ರ ನಿಂತು ಹೆಲ್ವಿಗೆ ಬರೆದೆ. 'ಯೆಸ್, ಐ ವಿಲ್ ಕಮ್.' ಅದು ತಪ್ಪಿ ಬರೆದದ್ದಲ್ಲ. ತಿಳಿದೇ ಬರೆದದ್ದು.

ಪಾಸ್‌ಪೋರ್ಟ್ ಇಲ್ಲ, ಹೋಗುವ ದಾರಿಯೂ ಗೊತ್ತಿಲ್ಲ. ನನಗೇನು ತಲೆ ಕೆಟ್ಟಿದೆಯಾ, ನಾನು ಅಲ್ಲಿಗೆ ಹೋಗುದಿಲ್ಲ ಅಂತ ನನಗೆ ಗೊತ್ತಿಲ್ವಾ! ಆದ್ರೆ ಎಲ್ಲೋ ಒಂದು ಕಡೆ ನನಗೆ ಅಂತ ಹಾಸಿಗೆ ಹಾಸಿ ಇಟ್ಟಿದ್ದಾರೆ. ಅದನ್ನು ನಾನೇ ಬರೆದು ಮಡಚಿಸ್ಲಾ? ಆಗ್ಲಿಲ್ಲ ನನ್ನಿಂದ. ಆ ಮುದುಕಿಗೆ ಮೋಸ ಮಾಡ್ತಾ ಇದ್ದೇನೆ ಅಂತ ಸಂಕಟ ಆಗ್ತದೆ, ಆದ್ರೂ ಆಗ್ಲಿಲ್ಲ.

ಈಗ ಯಾಕೆ ನಗುದಿಲ್ಲ ನೀವು? ಬೆಳಿಗ್ಗೆಯಿಂದ ಏನೋ ಹೇಳ್ಲಿಕ್ಕೆ ಬಾಯಿ ತೆಗೀತೀರಿ, ಮತ್ತೆ ಆ ಡಬ್ಬಿ ಎಲ್ಲಿ, ಈ ಮುಚ್ಚಳ ಎಲ್ಲಿ ಅಂತ ಕೇಳ್ತೀರಿ. ಇದನ್ನೇ ಹೇಳ್ಲಿಕ್ಕೆ ಅಲ್ವಾ? 'ನೀನು ಸ್ವಲ್ಪ ದಿನ ಎಲ್ಲಾದ್ರೂ...' ಅಂತ?

ಅತ್ತಿಗೆ, ಇಲ್ಲಿ ನೋಡಿ. ನನಗೊಂದು ಸುಳ್ಳು ಹೇಳಿ. ನಾವು ನಾಲ್ಕು ಜನ, ಹೇಗಾದ್ರೂ ಸುಧಾರಿಸುವ ಅಂತ ಹೇಳಿ ಸಾಕು. ಏಜೆಂಟಿಗೆ ಅಣ್ಣ ಹಾಗೇ ಸುಮ್ಮನೆ ಹೇಳಿದ್ದು ಅಂತ ಹೇಳಿ. ನಾನು ಅಡುಗೆಕೋಣೆಯಲ್ಲೇ ಮಲಗ್ತೇನೆ... ನಂಬ್ತೇನೆ ನಾನು, ದೇವರಾಣೆ ನಂಬ್ತೇನೆ. ಒಮ್ಮೆ ಹೇಳಿ.

ಹೇಳಿ ಅತ್ತಿಗೆ...

ಸುಳ್ಳು ಹೇಳ್ಲಿಕ್ಕೂ ಬಾಯಿ ಬರುದಿಲ್ಲ ಅಲ್ವಾ ನಿಮಗೆ.